ನಾಟಿ ಹಿಂಡಿಗೆ ಸಾಧು ತಳಿಯ ಸೇರ್ಪಡೆ: ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಂವಿಧಾನಕ್ಕೆ 73ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದೆ. ಅದರಲ್ಲಿ ನಾಲ್ಕನೆಯದು ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮವೂ ಕೋಳಿ ಸಾಕಣೆಯ ಅಭಿವೃದ್ಧಿಯನ್ನು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಎಣಿಸಿದೆ. ಆದರೂ ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪಗಳ ಚರ್ಚೆ ಮುಗಿಯುವ ಹೊತ್ತಿಗೆ ಸಭೆಯ ಸಮಯವೇ ಮುಗಿದಿರುತ್ತದೆ. ಕೋಳಿಯ ಮಾತು ಬರುವುದು ಯಾವುದಾದರೂ ಯೋಜನೆಯಲ್ಲಿ ಮರಿಗಳ ಹಂಚಿಕೆಗೆ ಫಲಾನುಭವಿಗಳ ಪಟ್ಟಿ ಕೇಳಿದಾಗ ಮಾತ್ರ. ಪಟ್ಟಿ ಹೋಗುತ್ತದೆ, ಮರಿ ಬರುತ್ತದೆ, ಛಾಯಾಚಿತ್ರ ತೆಗೆಯಲಾಗುತ್ತದೆ. ಆ ಮರಿಗಳಲ್ಲಿ ಎರಡು ತಿಂಗಳ ಬಳಿಕ ಎಷ್ಟು ಉಳಿದವು ಎಂಬ ಪ್ರಶ್ನೆ ನಡವಳಿ ಪುಸ್ತಕದಲ್ಲಿ ಕಾಣಿಸುವುದು ಅಪರೂಪ.

ಇಂದಿನ ಉಪನ್ಯಾಸದ ವಿಷಯ ಆ ಎರಡು ತಿಂಗಳುಗಳೇ. ಮರಿ ಹಂಚುವುದು ಒಂದು ದಿನದ ಕೆಲಸ. ಹಂಚಿದ ಹಕ್ಕಿಯನ್ನು ಹಿತ್ತಲಿನಲ್ಲಿ ಈಗಾಗಲೇ ಇರುವ ನಾಟಿ ಹಿಂಡಿಗೆ ಕ್ಷೇಮವಾಗಿ ಸೇರಿಸುವುದು ಎರಡು ತಿಂಗಳ ಕೆಲಸ. ಈ ಎರಡನೆಯ ಕೆಲಸ ಕೆಟ್ಟರೆ ಹೊಸ ಮರಿಗಳಷ್ಟೇ ಅಲ್ಲ, ಆ ಮನೆಯ ಹಳೆಯ ಕೋಳಿಗಳೂ ಹೋಗುತ್ತವೆ. ಮೊಟ್ಟೆ ಮಾರಿ ಬಂದ ಹಣದಲ್ಲಿ ಮಗುವಿನ ಪುಸ್ತಕ, ಮನೆಯ ಉಪ್ಪು-ಎಣ್ಣೆ ನಿಭಾಯಿಸುವ ಹೆಣ್ಣುಮಗಳಿಗೆ ಅದು ಸಣ್ಣ ನಷ್ಟವಲ್ಲ.

ಸಾಧು ತಳಿ ಎಂದರೆ ಯಾವುದು?

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕೋಳಿ ವಿಜ್ಞಾನ ವಿಭಾಗದಲ್ಲಿ ರೂಪುಗೊಂಡ ಗಿರಿರಾಜ ತಳಿ 1989ರಲ್ಲಿ ಬಿಡುಗಡೆಯಾಯಿತು. ಅದೇ ಪರಂಪರೆಯಲ್ಲಿ 2005ರಲ್ಲಿ ಸ್ವರ್ಣಧಾರಾ ಬಂದಿತು. ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆ ರೂಪಿಸಿದ ವನರಾಜ ಮತ್ತು ಗ್ರಾಮಪ್ರಿಯ ತಳಿಗಳೂ ರಾಜ್ಯದ ಹಲವೆಡೆ ಪರಿಚಿತವಾಗಿವೆ. ಇವು ಹಿತ್ತಲ ಸಾಕಣೆಗೆಂದೇ ರೂಪಿಸಿದ ಬಣ್ಣದ ಕೋಳಿಗಳು. ನೋಟಕ್ಕೆ ನಾಟಿಯನ್ನು ಹೋಲುತ್ತವೆ, ತೂಕದಲ್ಲಿಯೂ ಮೊಟ್ಟೆಯ ಸಂಖ್ಯೆಯಲ್ಲಿಯೂ ಮುಂದಿವೆ. ನಾಟಿ ಹೇಂಟೆ ವರ್ಷಕ್ಕೆ 50ರಿಂದ 60 ಮೊಟ್ಟೆ ಇಡುತ್ತದೆ. ಉತ್ತಮ ಪೋಷಣೆಯಲ್ಲಿ ಗಿರಿರಾಜ 130ರಿಂದ 150, ಸ್ವರ್ಣಧಾರಾ 180ರ ಆಸುಪಾಸು ಮೊಟ್ಟೆ ಇಡಬಲ್ಲವು. ನಾಟಿ ಹೇಂಟೆಯ ತೂಕ ಒಂದರಿಂದ ಒಂದೂವರೆ ಕಿಲೋ ಇದ್ದರೆ, ಸ್ವರ್ಣಧಾರಾ ಹೇಂಟೆ ಸುಮಾರು 3 ಕಿಲೋ ತೂಗುತ್ತದೆ.

ಈ ಅಂಕಿಗಳನ್ನು ಸದಸ್ಯರು ಎಚ್ಚರದಿಂದ ಬಳಸಬೇಕು. ಐದು ನಾಟಿ ಹೇಂಟೆಗಳಿರುವ ಮನೆಯಲ್ಲಿ ವರ್ಷಕ್ಕೆ ಸುಮಾರು 275 ಮೊಟ್ಟೆ ದೊರೆಯುತ್ತದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಐದು ಸ್ವರ್ಣಧಾರಾ ಹೇಂಟೆ ಸೇರಿದರೆ ಕಾಗದದ ಮೇಲೆ ಇನ್ನೂ 900 ಮೊಟ್ಟೆ ಬರಬೇಕು. ಹಿತ್ತಲಿನಲ್ಲಿ ಆಹಾರ, ನೆರಳು, ಲಸಿಕೆ ಎಲ್ಲವೂ ಪೂರ್ಣವಾಗಿ ದೊರೆಯುವುದಿಲ್ಲವಾದ್ದರಿಂದ ಅದರ ಅರ್ಧವನ್ನೇ ಲೆಕ್ಕಕ್ಕೆ ಹಿಡಿದರೂ 450 ಆಗುತ್ತದೆ. ಹಳೆಯ ಆದಾಯ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ಗ್ರಾಮಸಭೆಯಲ್ಲಿ ಹೇಳಬೇಕಾದ ಲೆಕ್ಕ ಈ ಎರಡನೆಯದು. ಮೊದಲನೆಯ ಲೆಕ್ಕ ಹೇಳಿ ಆಸೆ ಹುಟ್ಟಿಸಿದರೆ ಮರುವರ್ಷ ಯೋಜನೆಯ ಹೆಸರೆತ್ತಲೂ ಜನ ಬಿಡುವುದಿಲ್ಲ.

ಸಾಧು ಸ್ವಭಾವ ಈ ತಳಿಗಳ ದೊಡ್ಡ ಗುಣ. ಮಕ್ಕಳು ಹಿಡಿದರೂ ಕುಕ್ಕುವುದಿಲ್ಲ, ಬೇಲಿ ಹಾರಿ ನೆರೆಯವರ ಸಸಿಮಡಿ ಕೆದಕುವುದು ಕಡಿಮೆ, ಸಂಜೆ ಗೂಡಿಗೆ ಸೇರಿಸುವುದು ಸುಲಭ, ಲಸಿಕೆ ಹಾಕುವವರಿಗೂ ತೊಂದರೆಯಿಲ್ಲ. ವಯಸ್ಸಾದವರು, ಒಬ್ಬಂಟಿ ಮಹಿಳೆಯರು, ಅಂಗವಿಕಲರು ಸಾಕಲು ಇದಕ್ಕಿಂತ ಅನುಕೂಲವಾದ ಹಕ್ಕಿ ವಿರಳ. ಆದರೆ ಹಿಂಡಿನೊಳಗೆ ಈ ಗುಣವೇ ಅದಕ್ಕೆ ಅಪಾಯ ತರುತ್ತದೆ. ಹದ್ದು ಎರಗಿದಾಗ ನಾಟಿ ಕೋಳಿ ಕ್ಷಣದಲ್ಲಿ ಪೊದೆ ಸೇರುತ್ತದೆ; ಭಾರದ ಕೋಳಿ ನಿಂತು ನೋಡುತ್ತದೆ. ಮುಂಗುಸಿ, ಕಾಡುಬೆಕ್ಕು, ಬೀದಿನಾಯಿಗಳಿಗೂ ಅದೇ ಮೊದಲ ತುತ್ತು. ಗಿರಿರಾಜಕ್ಕಿಂತ ಹಗುರವಾದ ಸ್ವರ್ಣಧಾರಾ ಈ ವಿಷಯದಲ್ಲಿ ತುಸು ಚುರುಕು. ಕಾಡಂಚಿನ ಊರುಗಳಿಗೆ, ತೋಟದ ಮನೆಗಳಿಗೆ ತಳಿ ಆರಿಸುವಾಗ ಮೊಟ್ಟೆಯ ಸಂಖ್ಯೆಯ ಜೊತೆಗೆ ಈ ಅಂಶವನ್ನೂ ನೋಡಬೇಕು.

ಹಿಂಡಿನೊಳಗಿನ ಅಂತಸ್ತು

ಕೋಳಿಗಳ ಹಿಂಡಿನಲ್ಲಿ ಒಂದು ಕಟ್ಟುನಿಟ್ಟಾದ ಶ್ರೇಣಿಯಿದೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ತೋರ್ಲೀಫ್ ಶೆಲ್ಡೆರುಪ್ ಎಬ್ಬೆ ಬಾಲ್ಯದಿಂದಲೇ ಮನೆಯ ಕೋಳಿಗಳನ್ನು ಗಮನಿಸಿ, 1920ರ ದಶಕದ ಆರಂಭದಲ್ಲಿ ಇದನ್ನು ವಿಜ್ಞಾನಲೋಕದ ಮುಂದಿಟ್ಟರು. ಯಾವ ಕೋಳಿ ಯಾವುದನ್ನು ಕುಕ್ಕಬಹುದು, ಯಾವುದಕ್ಕೆ ದಾರಿ ಬಿಡಬೇಕು ಎಂಬುದು ಹಿಂಡಿನ ಪ್ರತಿ ಹಕ್ಕಿಗೂ ಗೊತ್ತಿರುತ್ತದೆ. ಹಿತ್ತಲಲ್ಲಿ ಕಾಳು ಚೆಲ್ಲುವ ಗೃಹಿಣಿಗೂ ಇದು ಹೊಸ ವಿಷಯವಲ್ಲ. ಮೊದಲು ಮೇಯುವ ಹೇಂಟೆ ಯಾವುದು, ಅಂಚಿನಲ್ಲಿ ನಿಂತು ಕಾಯುವುದು ಯಾವುದು ಎಂದು ಕೇಳಿದರೆ ಆಕೆ ತಡವಿಲ್ಲದೆ ತೋರಿಸುತ್ತಾಳೆ.

ಹೊಸ ಹಕ್ಕಿ ಬಂದ ದಿನ ಈ ಶ್ರೇಣಿ ಕದಡುತ್ತದೆ. ಪ್ರತಿ ನಾಟಿ ಕೋಳಿಯೂ ಹೊಸಬನನ್ನು ಕುಕ್ಕಿ ತನ್ನ ಸ್ಥಾನ ಖಚಿತಪಡಿಸಿಕೊಳ್ಳುತ್ತದೆ. ಹೊಸದು ತಿರುಗಿ ನಿಂತರೆ ಜಗಳ ಬೇಗ ತೀರುತ್ತದೆ. ಸಾಧು ಹಕ್ಕಿ ತಿರುಗಿ ನಿಲ್ಲುವುದಿಲ್ಲ, ದೂರ ಓಡುವುದೂ ಇಲ್ಲ. ಮೂಲೆ ಹಿಡಿದು ಕುಳಿತುಬಿಡುತ್ತದೆ. ಅದು ಮೇವಿನ ಬಳಿಗೆ ಬರುವುದಿಲ್ಲ, ನೀರಿನ ಬಳಿಗೂ ಬರುವುದಿಲ್ಲ. ಬೇಸಿಗೆಯಲ್ಲಿ ನೀರಿಲ್ಲದೆ ಒಂದು ದಿನ ಕಳೆದರೆ ಸಾಕು, ಹಕ್ಕಿ ಸೊರಗುತ್ತದೆ. ಮೈಮೇಲೆ ರಕ್ತ ಕಾಣಿಸಿದರೆ ಉಳಿದ ಕೋಳಿಗಳು ಆ ಗಾಯವನ್ನೇ ಮತ್ತೆ ಮತ್ತೆ ಕುಕ್ಕುತ್ತವೆ. ಮನೆಯವರು ರೋಗ ಬಂದು ಸತ್ತಿತು ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಹಸಿವು, ಬಾಯಾರಿಕೆ ಮತ್ತು ಗಾಯದಿಂದ ಸತ್ತಿರುತ್ತದೆ.

ಇಲ್ಲಿ ಇನ್ನೊಂದು ಭ್ರಮೆಯೂ ಕೆಲಸ ಮಾಡುತ್ತದೆ. ಸುಧಾರಿತ ತಳಿಯ ಮರಿ ಎಂಟು ಹತ್ತು ವಾರಗಳಲ್ಲೇ ನಾಟಿ ಹೇಂಟೆಯ ಗಾತ್ರಕ್ಕೆ ಬರುತ್ತದೆ. ಗಾತ್ರ ನೋಡಿ ಅದು ಬಲಿತಿದೆ ಎಂದು ತಿಳಿಯುವುದು ಸಹಜ. ದೇಹ ದೊಡ್ಡದಾದರೂ ವಯಸ್ಸಿನಲ್ಲಿ ಅದು ಎರಡು ತಿಂಗಳ ಕೂಸು. ಎರಡು ವರ್ಷದ ನಾಟಿ ಹೇಂಟೆಯ ಎದುರು ನಿಲ್ಲುವ ಅನುಭವ ಅದಕ್ಕಿಲ್ಲ.

ಸೇರಿಸುವ ಕ್ರಮ

ಮೊದಲನೆಯದಾಗಿ, ಸಾಧ್ಯವಿದ್ದಲ್ಲಿ ಒಂದು ದಿನದ ಮರಿಗಳ ಬದಲು ಐದಾರು ವಾರ ಸಾಕಿದ ಮರಿಗಳನ್ನು ಕೇಳಿ ಪಡೆಯಬೇಕು. ಒಂದು ದಿನದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬರಬೇಕು. ವಿದ್ಯುತ್ ಕೈಕೊಡುವ ಊರಿನಲ್ಲಿ ಪ್ರತಿ ಮನೆಯೂ ಇದನ್ನು ನಿಭಾಯಿಸುವುದು ಕಷ್ಟ. ಒಂದು ದಿನದ ಮರಿಗಳೇ ಬರುವುದಾದರೆ, ಸ್ವಸಹಾಯ ಸಂಘದ ಒಬ್ಬಿಬ್ಬರು ಅನುಭವಿ ಸದಸ್ಯೆಯರ ಮನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಸಾಕಿ, ಐದಾರು ವಾರದ ಬಳಿಕ ಹಂಚುವ ಏರ್ಪಾಟು ಮಾಡಬಹುದು. ಆ ಸದಸ್ಯೆಯರಿಗೂ ಅದೊಂದು ಆದಾಯವಾಗುತ್ತದೆ.

ಎರಡನೆಯದಾಗಿ, ಮರಿ ಮನೆಗೆ ಬಂದ ಮೇಲೆ ಮೂರು ವಾರ ಪ್ರತ್ಯೇಕವಾಗಿರಿಸಬೇಕು. ಹಳೆಯ ಗೂಡು ಹಿತ್ತಲಿನಲ್ಲಿದ್ದರೆ ಹೊಸವು ಮನೆಯ ಮತ್ತೊಂದು ಬದಿಯಲ್ಲಿರಲಿ. ಬೆಳಿಗ್ಗೆ ಹಳೆಯ ಕೋಳಿಗಳಿಗೆ ಮೇವು ನೀರು ಕೊಟ್ಟು ಆಮೇಲೆ ಹೊಸದರ ಬಳಿಗೆ ಹೋಗಬೇಕು; ಹೊಸದರ ಕೆಲಸ ಮುಗಿಸಿ ಕೈಕಾಲು ತೊಳೆಯದೆ ಹಳೆಯ ಗೂಡಿಗೆ ಬರಬಾರದು. ಸೀನು, ಕಣ್ಣು ಮೂಗಿನಲ್ಲಿ ನೀರು, ಹಸಿರು ಅಥವಾ ರಕ್ತಮಿಶ್ರಿತ ಹಿಕ್ಕೆ, ರೆಕ್ಕೆ ಜೋತು ಕೂರುವುದು, ರೆಕ್ಕೆಯಡಿಯಲ್ಲಿ ಹೇನು, ಇವುಗಳನ್ನು ಈ ಅವಧಿಯಲ್ಲಿ ಗಮನಿಸಬೇಕು.

ಮೂರನೆಯದಾಗಿ, ನಂತರದ ಒಂದು ವಾರ ಎರಡು ಗುಂಪುಗಳು ಪರಸ್ಪರ ನೋಡುವಂತಿರಬೇಕು, ಮುಟ್ಟುವಂತಿರಬಾರದು. ಹಳೆಯ ಮೀನಿನ ಬಲೆ, ಬಿದಿರಿನ ತಟ್ಟಿ, ತಂತಿಜಾಲರಿ ಯಾವುದಾದರೂ ಸಾಕು. ನೋಡಿ ನೋಡಿ ಅಭ್ಯಾಸವಾದ ಹಕ್ಕಿಯ ಮೇಲೆ ಎರಗುವ ಆವೇಶ ತಗ್ಗುತ್ತದೆ.

ನಾಲ್ಕನೆಯದಾಗಿ, ಸೇರಿಸುವುದನ್ನು ರಾತ್ರಿ ಮಾಡಬೇಕು. ಕತ್ತಲಾದ ಮೇಲೆ ಕೋಳಿಗಳು ಜಗಳವಾಡುವುದಿಲ್ಲ. ಬೆಳಗ್ಗೆ ಒಂದೇ ಗೂಡಿನಿಂದ ಹೊರಬಂದ ಹಕ್ಕಿಗಳ ನಡುವೆ ವೈರ ಕಡಿಮೆ. ಒಂದೊಂದಾಗಿ ಸೇರಿಸದೆ ಮೂರು ನಾಲ್ಕನ್ನು ಒಟ್ಟಿಗೆ ಸೇರಿಸಬೇಕು. ಒಂಟಿ ಹಕ್ಕಿಗೆ ಬೀಳುವ ಪೆಟ್ಟು ಆಗ ಹಂಚಿಹೋಗುತ್ತದೆ.

ಐದನೆಯದಾಗಿ, ಮೇವಿನ ತಟ್ಟೆ ಎರಡು, ನೀರಿನ ಪಾತ್ರೆ ಎರಡು, ಒಂದರಿಂದ ಇನ್ನೊಂದು ಕಾಣದಷ್ಟು ದೂರದಲ್ಲಿರಬೇಕು. ಇಡೀ ಉಪನ್ಯಾಸದಲ್ಲಿ ಒಂದೇ ಮಾತನ್ನು ಊರಿಗೆ ಒಯ್ಯಬೇಕೆಂದರೆ ಈ ಮಾತನ್ನು ಒಯ್ಯಬಹುದು. ಇದಕ್ಕೆ ಖರ್ಚಿಲ್ಲ, ಒಡೆದ ಕೊಡದ ತಳಭಾಗವೂ ನಡೆಯುತ್ತದೆ. ಗಾಯಗೊಂಡ ಹಕ್ಕಿಯನ್ನು ತಕ್ಷಣ ಮಂಕರಿಯಡಿ ಬೇರ್ಪಡಿಸಿ, ಗಾಯ ಒಣಗಿದ ಮೇಲೆಯೇ ಬಿಡಬೇಕು.

ಗೂಡಿನ ವಿಷಯದಲ್ಲಿ ಒಂದೆರಡು ಅಳತೆಗಳು ನೆನಪಿರಲಿ. ರಾತ್ರಿ ತಂಗಲು ಭಾರದ ಕೋಳಿಯೊಂದಕ್ಕೆ ಒಂದೂವರೆ ಚದರ ಅಡಿ ಜಾಗ ಬೇಕು. ಹತ್ತು ಕೋಳಿಗಳಿಗೆ 3 ಅಡಿ ಅಗಲ, 5 ಅಡಿ ಉದ್ದದ ಗೂಡು ಸಾಕು. ನೆಲ ಒಂದೆರಡು ಅಡಿ ಎತ್ತರದಲ್ಲಿದ್ದು, ಗಾಳಿ ಆಡುವಂತಿದ್ದು, ಮುಂಗುಸಿ ನುಸುಳದಂತಿರಬೇಕು. ನಾಟಿ ಕೋಳಿ ಎತ್ತರದ ಅಡ್ಡಕೋಲನ್ನು ಬಯಸುತ್ತದೆ. ಭಾರದ ಕೋಳಿ ಅಷ್ಟು ಎತ್ತರದಿಂದ ಧುಮುಕಿದರೆ ಪಾದಕ್ಕೆ ಪೆಟ್ಟಾಗಿ ಬಾವು ಬರುತ್ತದೆ. ಆದ್ದರಿಂದ ಒಂದು ಕೋಲು ಮೇಲೆ, ಇನ್ನೊಂದು ನೆಲದಿಂದ ಒಂದಡಿ ಎತ್ತರದಲ್ಲಿ ಇರಲಿ.

ಮೇವಿನ ಲೆಕ್ಕವೂ ಮುಖ್ಯ. ತಿಪ್ಪೆ, ಹುಳುಹುಪ್ಪಟೆ, ಕಣದ ಕಾಳು ಇವು ಒಂದು ಹಿತ್ತಲಿಗೆ ಇಷ್ಟೇ ಎಂದಿರುತ್ತವೆ. ಐದು ಕೋಳಿಗೆ ಸಾಲುತ್ತಿದ್ದದ್ದು ಹತ್ತಕ್ಕೆ ಸಾಲದು. ಅದರಲ್ಲೂ ಹೊಸ ಐದು ಹೆಚ್ಚು ತಿನ್ನುವಂಥವು. ಕೋಳಿಯೊಂದಕ್ಕೆ ದಿನಕ್ಕೆ 50 ಗ್ರಾಂ ನುಚ್ಚು, ರಾಗಿ, ಜೋಳ, ತೌಡಿನ ಮಿಶ್ರಣ ಕೊಟ್ಟರೂ ಹತ್ತು ಕೋಳಿಗೆ ತಿಂಗಳಿಗೆ 15 ಕಿಲೋ ಆಗುತ್ತದೆ. ಇದನ್ನು ಒದಗಿಸಲಾರದ ಕುಟುಂಬಕ್ಕೆ ಹತ್ತು ಮರಿ ಕೊಡುವುದಕ್ಕಿಂತ ಐದು ಮರಿ ಕೊಡುವುದು ಉಪಕಾರ.

ಕೊಕ್ಕರೆ ರೋಗ ಮತ್ತು ಒಂದು ಬಾಟಲಿ ಲಸಿಕೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಮನೆಯವರ ಕೆಲಸ. ಮನೆಯವರಿಂದ ಆಗದ, ಪಂಚಾಯಿತಿಯೇ ಮುಂದೆ ನಿಂತು ಮಾಡಬೇಕಾದ ಕೆಲಸವೊಂದಿದೆ: ಲಸಿಕೆ.

ಇಂದಿನ ಉತ್ತರಾಖಂಡದಲ್ಲಿರುವ ರಾಣಿಖೇತ್ ಎಂಬಲ್ಲಿ 1927ರಲ್ಲಿ ಗುರುತಿಸಲ್ಪಟ್ಟದ್ದರಿಂದ ರಾಣಿಖೇತ್ ರೋಗವೆಂದು ಹೆಸರಾದ ಪಿಡುಗನ್ನು ಕನ್ನಡ ನಾಡಿನಲ್ಲಿ ಕೊಕ್ಕರೆ ರೋಗ ಎನ್ನುತ್ತಾರೆ. ಕತ್ತು ತಿರುಚಿ, ಹಸಿರು ಭೇದಿಯಾಗಿ, ಕಾಲು ರೆಕ್ಕೆ ಸೆಳೆತ ಕಂಡು ಒಂದೇ ವಾರದಲ್ಲಿ ಒಂದು ಓಣಿಯ ಕೋಳಿಗಳೆಲ್ಲ ಖಾಲಿಯಾದ ನೆನಪು ಬಹುತೇಕ ಊರುಗಳಿಗಿದೆ. ಇದಕ್ಕೆ ಚಿಕಿತ್ಸೆಯಿಲ್ಲ. ಲಸಿಕೆಯಿದೆ. ಮರಿಗೆ 5ರಿಂದ 7ನೆಯ ದಿನದೊಳಗೆ ಕಣ್ಣು ಅಥವಾ ಮೂಗಿನ ಹನಿ, ಸುಮಾರು 28ನೆಯ ದಿನ ಮತ್ತೊಮ್ಮೆ, ಎಂಟನೆಯ ವಾರದಲ್ಲಿ ರೆಕ್ಕೆಯಡಿ ಚುಚ್ಚುಮದ್ದು ಎಂಬುದು ರೂಢಿಯಲ್ಲಿರುವ ಕ್ರಮ.

ಹೊಸ ಮರಿಗೆ ಲಸಿಕೆಯಾಗಿ, ಹಳೆಯ ನಾಟಿ ಹಿಂಡಿಗೆ ಆಗದಿದ್ದರೆ ಅರ್ಧ ಕೆಲಸವಾಯಿತಷ್ಟೆ. ಸಂತೆಯಿಂದ, ವಾಹನದಿಂದ, ಪಂಜರದಿಂದ ಹೊಸ ಹಕ್ಕಿಯ ಜೊತೆಗೆ ರೋಗಾಣು ಬರಬಹುದು. ಹೊಸ ಹಕ್ಕಿ ಬದುಕಿ ಹಳೆಯ ಹಿಂಡು ಸಾಯಬಹುದು. ಆದುದರಿಂದ ಎರಡನ್ನೂ ಕೂಡಿಸುವುದಕ್ಕೆ ಎರಡು ಮೂರು ವಾರ ಮೊದಲೇ ಊರಿನ ನಾಟಿ ಕೋಳಿಗಳಿಗೂ ಲಸಿಕೆ ಆಗಿರಬೇಕು. ಲಸಿಕೆಯ ರಕ್ಷಣೆ ಮೈಗೂಡಲು ಅಷ್ಟು ಸಮಯ ಬೇಕು.

ಹಾಗಾದರೆ ಜನ ಏಕೆ ಲಸಿಕೆ ಹಾಕಿಸುವುದಿಲ್ಲ? ಅಜ್ಞಾನ ಎನ್ನುವುದು ಸುಲಭದ ಉತ್ತರ. ಲಸಿಕೆಯ ಒಂದು ಬಾಟಲಿಯಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಮದ್ದಿರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು. ದ್ರಾವಣದಲ್ಲಿ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಬಳಸಿ ಮುಗಿಸಬೇಕು. ಎಂಟು ಕೋಳಿ ಇರುವ ಮಹಿಳೆ ಒಂದು ಬಾಟಲಿ ತಂದು ಏನು ಮಾಡಬೇಕು? ಆಕೆಯ ಕೈಯಲ್ಲಿ ಆಗದ್ದು ಊರು ಒಟ್ಟಾದರೆ ಒಂದು ಬೆಳಿಗ್ಗೆಯಲ್ಲಿ ಆಗುತ್ತದೆ. ನಲವತ್ತು ಮನೆ, ಮನೆಗೆ ಹತ್ತು ಕೋಳಿ ಎಂದರೆ 400 ಕೋಳಿ. ಹಿಂದಿನ ಸಂಜೆ ಡಂಗುರ ಸಾರಿಸಿ, ಮುಂಜಾನೆ ಗೂಡಿನ ಬಾಗಿಲು ತೆರೆಯುವ ಮೊದಲೇ ಮನೆಮನೆಗೆ ಹೋದರೆ ಕೋಳಿ ಹಿಡಿಯುವ ಪಾಡೂ ಇಲ್ಲ. ಪಶು ಆಸ್ಪತ್ರೆಯೊಡನೆ ದಿನ ಗೊತ್ತುಮಾಡುವುದು, ವಾರ್ಡಿನ ಸದಸ್ಯರು ಜೊತೆಗೆ ನಡೆಯುವುದು, ಸ್ವಸಹಾಯ ಸಂಘದವರು ಕೋಳಿ ಹಿಡಿದುಕೊಡುವುದು ಇಷ್ಟೇ ಇದಕ್ಕೆ ಬೇಕಾದ ಯಂತ್ರಾಂಗ.

ನಾಟಿ ಹೇಂಟೆಯನ್ನು ಉಳಿಸಬೇಕು

ಹೊಸ ತಳಿಯ ಉತ್ಸಾಹದಲ್ಲಿ ನಾಟಿ ಕೋಳಿಯನ್ನೆಲ್ಲ ಮಾರಿಬಿಡುವ ಪ್ರವೃತ್ತಿ ಕಾಣುತ್ತದೆ. ಇದು ಸರಿಯಲ್ಲ. ಅದಕ್ಕೆ ಎರಡು ಕಾರಣಗಳಿವೆ.

ಸುಧಾರಿತ ತಳಿಯ ಹೇಂಟೆ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಹೆಚ್ಚು ಮೊಟ್ಟೆಗಾಗಿ ಆರಿಸಿ ಆರಿಸಿ ಬೆಳೆಸಿದ್ದರಿಂದ ಆ ಗುಣ ಮರೆಯಾಗಿದೆ. 21 ದಿನ ಕದಲದೆ ಕೂತು, ಮರಿ ಮಾಡಿ, ಹದ್ದು ಬಂದಾಗ ರೆಕ್ಕೆಯಡಿ ಮುಚ್ಚಿಕೊಂಡು ಸಾಕುವ ತಾಯಿ ನಾಟಿ ಹೇಂಟೆಯೇ. ಅದಿಲ್ಲದ ಹಿತ್ತಲಿಗೆ ಪ್ರತಿ ಸಲವೂ ಮರಿ ಹೊರಗಿನಿಂದಲೇ ಬರಬೇಕು.

ಎರಡನೆಯದು, ಈ ತಳಿಗಳು ಸಂಕರದ ಫಲ. ಹೈಬ್ರಿಡ್ ಮುಸುಕಿನ ಜೋಳದ ತೆನೆಯನ್ನೇ ಬೀಜಕ್ಕೆ ಇಟ್ಟರೆ ಮರುವರ್ಷ ಅದೇ ಇಳುವರಿ ಬಾರದು ಎಂಬುದು ರೈತರಿಗೆ ಗೊತ್ತು. ಇಲ್ಲಿಯೂ ಹಾಗೆಯೇ. ಸ್ವರ್ಣಧಾರಾ ಮೊಟ್ಟೆಯನ್ನು ನಾಟಿ ಹೇಂಟೆಯಡಿ ಇಟ್ಟು ಮರಿ ಮಾಡಿಸಬಹುದು. ಆದರೆ ಆ ಮರಿಯಲ್ಲಿ ತಾಯಿಯಷ್ಟು ಮೊಟ್ಟೆಯನ್ನು ನಿರೀಕ್ಷಿಸಬಾರದು.

ಹುಂಜಗಳ ಬಗ್ಗೆಯೂ ನಿರ್ಧಾರ ಬೇಕು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ನಾಲ್ಕು ಕಿಲೋ ತೂಗುವ ಹುಂಜ ಒಂದು ಕಿಲೋ ತೂಗುವ ನಾಟಿ ಹೇಂಟೆಯ ಬೆನ್ನಿಗೆ ಗಾಯ ಮಾಡುತ್ತದೆ. ಆದ್ದರಿಂದ ಹೊಸ ತಳಿಯ ಹುಂಜಗಳನ್ನು ಮೂರು ನಾಲ್ಕು ತಿಂಗಳಲ್ಲಿ, ಬಲಿಯುವ ಮೊದಲೇ ಮಾಂಸಕ್ಕೆ ಮಾರಿ, ಹಿಂಡಿನಲ್ಲಿ ಉತ್ತಮವಾದ ನಾಟಿ ಹುಂಜವೊಂದನ್ನು ಉಳಿಸಿಕೊಳ್ಳುವುದು ಮೇಲು. ಮಾರಿದ ಹಣ ಮೇವಿನ ಖರ್ಚಿಗೂ ಆಗುತ್ತದೆ. ಮೊಟ್ಟೆಗೆ ಹೊಸ ಹೇಂಟೆ, ಮರಿಗೆ ನಾಟಿ ಹೇಂಟೆ, ಕಾವಲಿಗೆ ನಾಟಿ ಹುಂಜ ಎಂಬುದು ಮಿಶ್ರ ಹಿಂಡಿನ ಒಳ್ಳೆಯ ವಿನ್ಯಾಸ. ಹದ್ದಿನ ನೆರಳು ಕಂಡೊಡನೆ ನಾಟಿ ಹುಂಜ ಎಚ್ಚರಿಸುವ ಕೂಗಿಗೆ ಭಾರದ ಹೇಂಟೆಗಳೂ ಕ್ರಮೇಣ ಓಡಲು ಕಲಿಯುತ್ತವೆ.

ಸಭೆಯ ಮುಂದಿಡಬೇಕಾದ ಐದು ಪ್ರಶ್ನೆಗಳು

ಕೋಳಿ ಮರಿ ಹಂಚಿಕೆಯ ಪಟ್ಟಿಗೆ ಒಪ್ಪಿಗೆ ನೀಡುವ ಮುನ್ನ ಮಾನ್ಯ ಸದಸ್ಯರು ಈ ಐದು ಪ್ರಶ್ನೆಗಳನ್ನು ಕೇಳಬೇಕೆಂದು ಕೋರಲಾಗಿದೆ.

1. ಫಲಾನುಭವಿಯ ಮನೆಯಲ್ಲಿ ಗೂಡು ಸಿದ್ಧವಾಗಿದೆಯೆ? ಗೂಡು ಮೊದಲು, ಮರಿ ಆಮೇಲೆ.

2. ಆ ಊರಿನ ನಾಟಿ ಕೋಳಿಗಳಿಗೆ ಲಸಿಕೆ ಯಾವ ದಿನ ಆಯಿತು? ಮರಿಗಳಿಗೆ ಮುಂದಿನ ಲಸಿಕೆ ಯಾವ ದಿನ? ಈ ದಿನಾಂಕಗಳು ಸೂಚನಾ ಫಲಕದಲ್ಲಿ ಇರಲಿ.

3. ಮರಿಗಳು ಎಷ್ಟು ವಾರದವು? ಒಂದು ದಿನದವಾದರೆ ಐದಾರು ವಾರ ಸಾಕುವವರು ಯಾರು?

4. ಮೂರು ವಾರ ಪ್ರತ್ಯೇಕವಾಗಿರಿಸುವ ವಿಧಾನವನ್ನು ಫಲಾನುಭವಿಗೆ ಮಾತಿನಲ್ಲಿ ಹೇಳಿದ್ದಾರೆಯೆ, ಮಾಡಿ ತೋರಿಸಿದ್ದಾರೆಯೆ?

5. ಹಂಚಿದ ಮರಿಗಳಲ್ಲಿ ಎಂಟು ವಾರದ ಬಳಿಕ ಉಳಿದವು ಎಷ್ಟು? ಈ ಒಂದು ಸಂಖ್ಯೆ ಹಂಚಿಕೆಯ ಸಂಖ್ಯೆಯ ಪಕ್ಕದಲ್ಲಿಯೇ ನಡವಳಿಯಲ್ಲಿ ದಾಖಲಾಗಬೇಕು.

ಐದನೆಯ ಪ್ರಶ್ನೆ ಕೆಲವರಿಗೆ ಇರಿಸುಮುರಿಸು ತರಬಹುದು. 200 ಮರಿ ಹಂಚಿದೆವು ಎಂದು ಬರೆಯುವುದು ಸುಲಭ. ಅದರಲ್ಲಿ 90 ಉಳಿದಿವೆ ಎಂದು ಬರೆಯಲು ಧೈರ್ಯ ಬೇಕು. ಆದರೆ ಆ 90 ಎಂಬ ಸಂಖ್ಯೆ ಗೊತ್ತಾದಾಗ ಮಾತ್ರ ಉಳಿದ 110 ಎಲ್ಲಿ ಹೋದವು ಎಂದು ವಿಚಾರಿಸಲು ಸಾಧ್ಯ. ಹದ್ದಿಗೆ ಹೋದವೆ, ರೋಗಕ್ಕೆ ಹೋದವೆ, ಹಸಿವಿಗೆ ಹೋದವೆ, ಸಂತೆಗೆ ಹೋದವೆ? ಒಂದೊಂದಕ್ಕೂ ಪರಿಹಾರ ಬೇರೆ. ಒಂದೇ ಊರಿನಲ್ಲಿ ಇದ್ದಕ್ಕಿದ್ದಂತೆ ಹಲವು ಕೋಳಿಗಳು ಸತ್ತರಂತೂ ಅದೇ ದಿನ ಪಶುವೈದ್ಯರಿಗೆ ತಿಳಿಸಬೇಕು; ಸತ್ತವನ್ನು ಬರಿಗೈಯಲ್ಲಿ ಮುಟ್ಟದೆ, ಕೆರೆಗಾಗಲಿ ಬೇಲಿಗಾಗಲಿ ಎಸೆಯದೆ, ವೈದ್ಯರ ಸೂಚನೆಯಂತೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದುಕೊಂಡ ಮುದುಕಿಯ ಕಥೆ ಎಲ್ಲರಿಗೂ ಗೊತ್ತು. ಮರಿ ಹಂಚಿದ್ದರಿಂದಲೇ ಬಡವರ ಮನೆ ಬೆಳಗಿತು ಎಂದು ತಿಳಿಯುವುದೂ ಅಂಥದ್ದೇ ಭ್ರಮೆ. ಹಂಚಿದ ಮರಿ ಹಿಂಡಿನೊಡನೆ ಹೊಂದಿಕೊಂಡು, ಬಲಿತು, ಗೂಡಿನಲ್ಲಿ ಮೊದಲ ಮೊಟ್ಟೆ ಇಟ್ಟು, ಆ ಮೊಟ್ಟೆ ಮನೆಯ ಮಗುವಿನ ತಟ್ಟೆಗೋ ತಾಯಿಯ ಕೈಯ ಕಾಸಿಗೋ ಆದಾಗ ಯೋಜನೆ ಪೂರ್ಣವಾಯಿತು ಎನ್ನಬಹುದು. ಮುಂದಿನ ಸಾಮಾನ್ಯ ಸಭೆಯಲ್ಲಿಯೇ ಲಸಿಕೆಯ ದಿನವೊಂದನ್ನು ಗೊತ್ತುಮಾಡಿ ನಿರ್ಣಯ ಕೈಗೊಳ್ಳುವುದು ಇದಕ್ಕೆ ತಕ್ಕ ಆರಂಭ. ಆ ನಿರ್ಣಯಕ್ಕೆ ವಿಶೇಷ ಅನುದಾನವಾಗಲಿ ಮೇಲಿನ ಆದೇಶವಾಗಲಿ ಬೇಕಿಲ್ಲ. ಸಭೆಯ ಮನಸ್ಸು ಸಾಕು.